ಸಹಾಯ ಬೇಕು: ಚಂದ್ರಗಿರಿ ಹೊಳೆ ದಾಟುವ ಲೇಸರ್ ಲಿಂಕ್ ಮಧ್ಯಾಹ್ನ ಕಡಿಯುತ್ತಿದೆ

ನಮಸ್ಕಾರ. ಕಾಸರಗೋಡಿನ ಚಂದ್ರಗಿರಿ ಹೊಳೆಯ ಎರಡು ದಡಗಳ ನಡುವೆ, ಕೇಬಲ್ ಇಲ್ಲದೆ ಲೇಸರ್ ಬೆಳಕಿನಿಂದಲೇ ಡೇಟಾ ಕಳಿಸುವ 800 ಮೀಟರ್ ಲಿಂಕ್. 1550 ನ್ಯಾನೋಮೀಟರ್ ಲೇಸರ್, ಕಿರಣ ಹರಡುವ ಕೋನ 2 ಮಿಲಿರೇಡಿಯನ್, ಅಂದರೆ ಆಚೆ ದಡದಲ್ಲಿ ಕಿರಣದ ಅಗಲ ಸುಮಾರು 1.6 ಮೀಟರ್. ರಿಸೀವರ್ ಲೆನ್ಸ್ 5 ಸೆಂ.ಮೀ., ಮಾರ್ಜಿನ್ 20 ಡಿಬಿ (ಡೆಸಿಬೆಲ್), ಅಂದರೆ ಸಿಗ್ನಲ್ ನೂರನೇ ಒಂದು ಭಾಗಕ್ಕೆ ಇಳಿದರೂ ಲಿಂಕ್ ನಡೆಯುತ್ತದೆ.

ಮಳೆಯ ಚಿಂತೆಯಿಲ್ಲ. ಗಂಟೆಗೆ 50 ಮಿ.ಮೀ. ಸುರಿದರೂ ಈ ದೂರಕ್ಕೆ 12 ಡಿಬಿ ಆಸುಪಾಸು ನಷ್ಟ. ಬೆಳಗಿನ ಮಂಜು ಬೇರೆ ಮಾತು: 200 ಮೀಟರ್ ಆಚೆ ಕಾಣದಿದ್ದರೆ ಕಿಲೋಮೀಟರಿಗೆ 65 ಡಿಬಿಗೂ ಹೆಚ್ಚು ಹೋಗುತ್ತದೆ. ಅಷ್ಟು ದಟ್ಟ ಮಂಜಿನಲ್ಲಿ 850 ನ್ಯಾನೋಮೀಟರ್ ಲೇಸರ್ ಹಾಕಿದರೂ 1550 ಹಾಕಿದರೂ ಒಂದೇ, ಏಕೆಂದರೆ ಹನಿಗಳು ಎರಡೂ ತರಂಗಾಂತರಕ್ಕಿಂತ ದೊಡ್ಡವು. ಅದಕ್ಕೆ 5 ಗಿಗಾಹರ್ಟ್ಸ್ ರೇಡಿಯೊ ಬ್ಯಾಕಪ್ ಇಡುತ್ತೇವೆ.

ತೊಡಕು ಮಧ್ಯಾಹ್ನದ್ದು. ಕಾದ ತಗಡಿನ ಮಾಡಿನ ಮೇಲೆಯೇ ಕಿರಣ ಹಾದುಹೋಗುತ್ತದೆ. ಬಿಸಿಗಾಳಿಯ ಅಲೆಯಿಂದ ಸಿಗ್ನಲ್ ಕೆಲವು ಮಿಲಿಸೆಕೆಂಡ್ ಬಿದ್ದು ಏಳುತ್ತದೆ. ಲೇಸರ್ ಪವರ್ ಏರಿಸಿ ಪ್ರಯೋಜನ ಕಡಿಮೆ, ಏರಿಳಿತದ ಪ್ರಮಾಣ ಹಾಗೆಯೇ ಉಳಿಯುತ್ತದೆ. ಈ ದೂರಕ್ಕೆ ಮಿನುಗಿನ ಮಚ್ಚೆ (ಬಿಸಿಗಾಳಿಯಿಂದ ಕಿರಣದಲ್ಲಿ ಮೂಡುವ ಬೆಳಕು-ಕತ್ತಲಿನ ಕಲೆ) ಸುಮಾರು 3.5 ಸೆಂ.ಮೀ.; ಲೆನ್ಸ್ 20 ಸೆಂ.ಮೀ. ಆದರೆ ಹಲವು ಮಚ್ಚೆಗಳು ಒಟ್ಟಾಗಿ ಏರಿಳಿತ ತಗ್ಗಬೇಕು. ಆದರೆ ದೊಡ್ಡ ಲೆನ್ಸ್ ದುಬಾರಿ.

ಕಿರಣ ಬಿಸಿಗಾಳಿಯಿಂದ ಮೇಲೆ ಹೋಗಲು ಲೇಸರ್ ಕಂಬ 3 ಮೀಟರ್ ಎತ್ತರಿಸಿದರೆ ಸಾಕೇ? ಎತ್ತರಿಸಿದ ಕಂಬ ಗಾಳಿಗೆ ಅರ್ಧ ಮಿಲಿರೇಡಿಯನ್ ಓಲಾಡಿದರೂ ಕಿರಣ 40 ಸೆಂ.ಮೀ. ಸರಿಯುತ್ತದೆ. ಇಂಟರ್‌ಲೀವರ್ (ಸಿಗ್ನಲ್ ಕ್ಷಣಕಾಲ ಬಿದ್ದರೂ ಡೇಟಾ ಸರಿಪಡಿಸಲಾಗುವಂತೆ ಬಿಟ್‌ಗಳನ್ನು ಚದುರಿಸಿ ಕಳಿಸುವ ವ್ಯವಸ್ಥೆ) ಎಷ್ಟು ಮಿಲಿಸೆಕೆಂಡ್ ಇಡಬೇಕು? ಕರಾವಳಿಯಲ್ಲಿ ಇಂಥ ಲಿಂಕ್ ನಡೆಸುವವರು ಮಧ್ಯಾಹ್ನದ ಸಿಗ್ನಲ್ ಲಾಗ್ ಇದ್ದರೆ ದಯವಿಟ್ಟು ಹಂಚಿಕೊಳ್ಳಿ.