‘ಬ್ಯಾಷರ್’ ಚಿತ್ರಗಳಿಗೆ ಕನ್ನಡದಲ್ಲಿ ಏನೆನ್ನೋಣ: ಗುದ್ದಾಟವೋ, ಬಡಿದಾಟವೋ?

ಬಲ್ಲವರಿಗೆ ನಮಸ್ಕಾರ.

ಹಾಂಗ್‌ಕಾಂಗ್ ಸಿನಿಮಾ ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಒಂದು ಪದ ಬೇಕಾಗಿದೆ.

1970ರ ದಶಕದ ಆರಂಭದ ಕುಂಗ್ ಫೂ ಚಿತ್ರಗಳನ್ನು ಇಂಗ್ಲಿಷ್ ಬಲ್ಲ ಅಭಿಮಾನಿಗಳು ‘ಬ್ಯಾಷರ್’ ಎಂದು ಕರೆಯುತ್ತಾರೆ. ಅದಕ್ಕೂ ಮೊದಲು ಅಲ್ಲಿ ಕತ್ತಿವೀರರ ಚಿತ್ರಗಳದ್ದೇ ಅಬ್ಬರ. ಜಿಮ್ಮಿ ವಾಂಗ್ ಯು ತಾನೇ ನಿರ್ದೇಶಿಸಿ ನಟಿಸಿದ ‘ದಿ ಚೈನೀಸ್ ಬಾಕ್ಸರ್’ (1970) ಗೆದ್ದ ಮೇಲೆ ಬರಿಗೈ ಕಾಳಗಕ್ಕೆ ಬೇಡಿಕೆ ಬಂತು. ಈತ ಮೂಲತಃ ಈಜುಗಾರ; ಕಾದುವುದರಲ್ಲಿ ನಾಜೂಕು ಕಡಿಮೆ, ಆವೇಶ ಹೆಚ್ಚು. ಹತ್ತಾರು ಮಂದಿ ಮುತ್ತುತ್ತಾರೆ, ಇವನು ಭುಜದಿಂದಲೇ ತೋಳು ಬೀಸುತ್ತಾನೆ. ಎದುರಾಳಿಯ ಏಟನ್ನು ತಡೆಯುವ ಗೋಜಿಗೆ ಯಾರೂ ಹೋಗುವುದಿಲ್ಲ. ಒಬ್ಬ ಉರುಳಿದರೆ ಇನ್ನೊಬ್ಬ, ಎಲ್ಲರೂ ಸುಸ್ತಾಗುವವರೆಗೆ. ‘ದಿ ಬಿಗ್ ಬಾಸ್’ (1971) ಚಿತ್ರದ ಮಂಜುಗಡ್ಡೆ ಕಾರ್ಖಾನೆಯ ದೃಶ್ಯ ನೆನಪಿಸಿಕೊಳ್ಳಿ. ಜಗಳಕ್ಕೆ ಹೋಗುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟ ನಾಯಕ ಬ್ರೂಸ್ ಲೀ ಬದಿಗೆ ನಿಂತಿರುತ್ತಾನೆ. ಕೊರಳಿನ ಪದಕ ಮುರಿದ ಮೇಲೆಯೇ ಕಣಕ್ಕಿಳಿಯುವುದು. ಅವನ ಒದೆ ಅಳೆದು ತೂಗಿದ್ದು. ಸುತ್ತಲಿನವರದು ಮಾತ್ರ ಅಪ್ಪಟ ಬ್ಯಾಷರ್ ಶೈಲಿ. (ಆ ಚಿತ್ರದ ಕಾಳಗಗಳನ್ನು ಸಂಯೋಜಿಸಿದ ಹಾನ್ ಯಿಂಗ್-ಚಿಯೇ ಖಳನಾಯಕನ ಪಾತ್ರವನ್ನೂ ಮಾಡಿದ್ದಾನೆ. ಕೊನೆಯಲ್ಲಿ ತಾನು ಸಾಯುವ ಬಗೆಯನ್ನೂ ತಾನೇ ಹೊಂದಿಸಿಕೊಂಡ ಪುಣ್ಯಾತ್ಮ.)

ಇದಕ್ಕೆ ‘ಮುಷ್ಟಿಯುದ್ಧ’ ಎನ್ನುವಂತಿಲ್ಲ, ಅದು ಬಾಕ್ಸಿಂಗಿನ ಪಾಲಾಗಿದೆ. ‘ಮಲ್ಲಯುದ್ಧ’ ಕುಸ್ತಿಯದು. ‘ಹಣಾಹಣಿ’ಯನ್ನು ಪತ್ರಿಕೆಗಳು ಚುನಾವಣೆಗೆ ಬರೆದುಕೊಟ್ಟಿವೆ. ‘ಹೊಡೆದಾಟ’ ಎಲ್ಲಕ್ಕೂ ಸಲ್ಲುತ್ತದೆ, ಆದ್ದರಿಂದಲೇ ಇಲ್ಲಿ ಸಾಲದು.

ಉಳಿದವು ಗುದ್ದಾಟ, ಬಡಿದಾಟ. ಗುದ್ದುವುದು ಮುಚ್ಚಿದ ಮುಷ್ಟಿಯ, ಹತ್ತಿರದ, ಗಿಡ್ಡ ಏಟು. ಬೆನ್ನಿಗೆ ಗುದ್ದಲು ತೋಳು ಬೀಸಬೇಕಿಲ್ಲ. ಬಡಿಯುವುದರಲ್ಲಿ ಬೀಸು ಇದೆ: ಬಟ್ಟೆ ಬಡಿಯುತ್ತೇವೆ, ಭತ್ತ ಬಡಿಯುತ್ತೇವೆ, ಹಕ್ಕಿ ರೆಕ್ಕೆ ಬಡಿಯುತ್ತದೆ. ವಾಂಗ್ ಯುವಿನ ತೋಳು ಮಾಡುವ ಕೆಲಸ ಇದೇ. ಹೀಗಾಗಿ ನನ್ನ ಒಲವು ‘ಬಡಿದಾಟದ ಚಿತ್ರ’ದ ಕಡೆಗೆ. ‘ಬದುಕಿನ ಬಡಿದಾಟ’ ಎಂಬ ಬಳಕೆ ಅಡ್ಡ ಬರುತ್ತದೆ, ನಿಜ. ‘ಕುಂಗ್ ಫೂ’ ಜೊತೆಗಿದ್ದರೆ ಯಾರೂ ಅದನ್ನು ಸಂಸಾರದ ಕತೆಯೆಂದು ತಿಳಿಯಲಾರರು. ‘ಬಡಿಗ’ ಎಂದು ಒಂದೇ ಪದ ಮಾಡೋಣವೆಂದರೆ ಉತ್ತರ ಕರ್ನಾಟಕದವರಿಗೆ ಉಳಿ, ಬಾಚಿ ಹಿಡಿದವನು ಎದುರು ನಿಲ್ಲುತ್ತಾನೆ.

ಇದರ ಎದುರು ಬಣಕ್ಕೆ ನನ್ನ ಬಳಿ ಪದವಿದೆ. ದಶಕದ ಕೊನೆಗೆ ಲಾವ್ ಕಾರ್-ಲ್ಯುಂಗ್ ನಿರ್ದೇಶಿಸಿದ ‘ದಿ 36ತ್ ಚೇಂಬರ್ ಆಫ್ ಶಾವ್ಲಿನ್’, ಜಾಕಿ ಚಾನ್‌ನ ‘ಡ್ರಂಕನ್ ಮಾಸ್ಟರ್’ (ಎರಡೂ 1978) ಬರುವ ಹೊತ್ತಿಗೆ ಕಾಳಗದ ಚಹರೆಯೇ ಬದಲಾಗಿತ್ತು. ಪ್ರತಿ ನಿಲುವಿಗೂ ಹೆಸರು, ಏಟಿಗೆ ತಡೆ, ತಡೆಗೆ ಮರು ಏಟು. ಲಾವ್ ಅಂತೂ ‘ಹುಂಗ್ ಗಾರ್’ ಎಂಬ ಕುಂಗ್ ಫೂ ಪರಂಪರೆಯಲ್ಲಿ ತಂದೆಯಿಂದಲೇ ಕಲಿತವನು. ಈ ಬಗೆಯ ಚಿತ್ರಗಳನ್ನು ಇಂಗ್ಲಿಷಿನಲ್ಲಿ ‘ಷೇಪ್ಸ್’ ಎನ್ನುತ್ತಾರೆ. ನಮ್ಮ ‘ವರಸೆ’ ಅದಕ್ಕಿಂತ ಚೆನ್ನಾಗಿ ಹೊಂದುತ್ತದೆ. ಕತ್ತಿವರಸೆ, ಕೋಲುವರಸೆಗಳಲ್ಲಿ ಹಾಗೂ ಸಂಗೀತದ ಸರಳೆ ವರಸೆ, ಜಂಟಿ ವರಸೆಗಳಲ್ಲಿ ಇರುವುದೂ ಈ ಕ್ರಮಬದ್ಧ ಸಾಲೇ ಅಲ್ಲವೇ?

ಗರಡಿಯ ಒಡನಾಟ ಇರುವವರಲ್ಲಿ ನನ್ನ ಪ್ರಶ್ನೆ: ಪಟ್ಟು, ವರಸೆ ಯಾವುದೂ ಇಲ್ಲದೆ ಮೈಮೇಲೆ ಬಿದ್ದು ಕೈ ಬೀಸುವವನ ಆಟವನ್ನು ಉಸ್ತಾದರು ಏನೆಂದು ಕರೆಯುತ್ತಾರೆ? ಬೈಗುಳವಾದರೂ ಸರಿ, ಅಚ್ಚು ಹಾಕುವಂತಿದ್ದರೆ ತಿಳಿಸಿ.