ಎಸ್‌ವಿಜಿ ಚಿತ್ರವನ್ನು ಝಾಮಲ್‌ಗೆ ತಂದರೆ ಟೊಮೆಟೊದಲ್ಲಿ ತೂತು

ಮಂಡಿ ಲೆಕ್ಕಿಗ, ಕೋಲಾರ:
ಎಪಿಎಂಸಿಯ ಮಂಡಿಯೊಂದಕ್ಕೆ ಡಬ್ಲ್ಯುಪಿಎಫ್‌ನಲ್ಲಿ (ವಿಂಡೋಸ್ ತಂತ್ರಾಂಶ ಕಟ್ಟುವ ಮೈಕ್ರೋಸಾಫ್ಟ್ ಚೌಕಟ್ಟು) ಬಿಲ್ಲಿನ ತಂತ್ರಾಂಶ ಬರೆಯುತ್ತಿದ್ದೇನೆ. ಅದರ ಒಂದು ಗುಂಡಿಗೆಂದು (ಬಟನ್) ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಟೊಮೆಟೊ ಕ್ರೇಟಿನ ಚಿತ್ರ ಬರೆದೆ. ಎಸ್‌ವಿಜಿ (ಗೆರೆಗಳನ್ನು ಅಕ್ಷರ-ಅಂಕಿಗಳಲ್ಲಿ ಬರೆದಿಡುವ ಚಿತ್ರದ ಕಡತ) ಒಳಗಿನ ಪಾತ್ ಸಾಲನ್ನು, ಎಂದರೆ ಆಕಾರದ ಅಂಚನ್ನು ಹೇಳುವ ಸಾಲನ್ನು, ಹಾಗೆಯೇ ಝಾಮಲ್‌ನ (XAML, ಡಬ್ಲ್ಯುಪಿಎಫ್‌ನ ಪರದೆ ವಿವರಿಸುವ ಭಾಷೆ) ಪಾತ್ ಡೇಟಾಕ್ಕೆ ಅಂಟಿಸಿದೆ. ಹಣ್ಣಿನ ಮೇಲೆ ಹಣ್ಣು ಕುಳಿತ ಕಡೆಯೆಲ್ಲ ತೂತು! ಹುಳು ಕೊರೆದ ಮಾಲು ಎಂದು ಮಂಡಿಯವರು ನಗುತ್ತಾರೆ. ನೆರಳಿಗೆ ಕೊಟ್ಟ ಅರೆಪಾರದರ್ಶಕ ಕಪ್ಪು ಬಣ್ಣ, #00000080, ಕಾಣುವುದೇ ಇಲ್ಲ. ಬ್ರೌಸರ್‌ನಲ್ಲಿ ಎರಡೂ ಸರಿಯಾಗಿವೆ.

ಶಿರಾದವಳು:
ಪಾತ್ ಬರೆಯುವ ರೀತಿ ಎರಡರಲ್ಲೂ ಬಹುತೇಕ ಒಂದೇ, ಬಣ್ಣ ತುಂಬುವ ನಿಯಮ ಬೇರೆ. ಏನೂ ಹೇಳದಿದ್ದರೆ ಎಸ್‌ವಿಜಿ ‘ನಾನ್‌ಝೀರೋ’ ಹಿಡಿಯುತ್ತದೆ (ಒಂದೇ ದಿಕ್ಕಿನಲ್ಲಿ ಸುತ್ತಿದ ಆಕಾರಗಳು ಒಂದರ ಮೇಲೊಂದು ಬಂದರೂ ಬಣ್ಣ ತುಂಬುತ್ತದೆ), ಝಾಮಲ್ ‘ಈವನ್‌ಆಡ್’ (ಎರಡು ಆಕಾರ ಒಂದರ ಮೇಲೊಂದು ಬಂದ ಜಾಗವನ್ನು ಖಾಲಿ ಬಿಡುತ್ತದೆ). ಡೇಟಾ ಸಾಲಿನ ಮೊದಲಿಗೆ ಎಫ್1 (F1, ‘ನಾನ್‌ಝೀರೋ’ ಹಿಡಿ ಎಂಬ ಗುರುತು) ಸೇರಿಸಿ. ಬಣ್ಣದ ಸಂಕೇತದಲ್ಲಿ ಪಾರದರ್ಶಕತೆಯ ಎರಡು ಅಂಕಿ ಸಿಎಸ್‌ಎಸ್‌ನಲ್ಲಿ (ಬ್ರೌಸರ್ ಓದುವ ಶೈಲಿಯ ಭಾಷೆ) ಕೊನೆಗೆ, ಝಾಮಲ್‌ನಲ್ಲಿ ಮೊದಲಿಗೆ. ಅಂದರೆ #80000000.

ಚಿಂತಾಮಣಿ ಓದುಗ:
ಇಂಕ್‌ಸ್ಕೇಪ್‌ನಿಂದಲೇ ಝಾಮಲ್ ಆಗಿ ಉಳಿಸಬಹುದು. ಒಂದು ಗುಂಡಿಗೆ ಅಷ್ಟು ಸಂಭ್ರಮ ಬೇಡ ಎಂಬುದು ನನ್ನ ಮತ. ಚಿತ್ರದಲ್ಲಿ ಕನ್ನಡ ಬರಹವಿದ್ದರೆ ಮಾತ್ರ ಮೊದಲು ‘ಆಬ್ಜೆಕ್ಟ್ ಟು ಪಾತ್’ ಕೊಟ್ಟು ಅಕ್ಷರಗಳನ್ನು ಬರೀ ಆಕಾರಗಳಾಗಿಸಿ. ಮಂಡಿಯ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರುತ್ತದೆಂದು ನಂಬಬೇಡಿ.

ಮಂಡಿ ಲೆಕ್ಕಿಗ, ಕೋಲಾರ:
ಎಫ್1 ಹಾಕಿದೆ, ತೂತು ಮುಚ್ಚಿತು; ನೆರಳೂ ಬಂತು. ಕ್ರೇಟ್ ನೀಲಿಯಿರಲೋ ಕೆಂಪಿರಲೋ ಎಂದು ಈಗ ಮಂಡಿಯಲ್ಲಿ ಜಗಳ ನಡೆದಿದೆ.