974 ಅಂದ್ರೆ ಬೆಂಗಳೂರಾ, ದೋಹಾನಾ?

ಕೋಟದವಳು:
ನನ್ನ ತಮ್ಮ ಹೋದ ತಿಂಗಳು ಕೆಲಸಕ್ಕೆ ಅಂತ ಕತಾರಿನ ದೋಹಾಕ್ಕೆ ಹೋದ. ಅಲ್ಲಿಂದ ಫೋನ್ ಮಾಡಿದಾಗ ಅಮ್ಮನ ಮೊಬೈಲಲ್ಲಿ +974 ಅಂತ ಶುರುವಾಗೋ ನಂಬರ್ ಬಂತು. ನನ್ನ ಬೆಂಗಳೂರಿನ ನಂಬರೂ 974ರಿಂದಲೇ ಶುರು. "ಅವ ಎಲ್ಲೂ ಹೋಗಲಿಲ್ಲ, ನಿನ್ನ ರೂಮಲ್ಲೇ ಇದ್ದಾನೆ ಅಲ್ವಾ?" ಅಂತ ಅಮ್ಮ ಎರಡು ದಿನ ನನ್ನ ತಲೆ ತಿಂದರು. ಆಮೇಲೆ ನಂಬಿದರು. ಆದ್ರೆ ನಂಬರನ್ನು ಕ್ಯಾಲೆಂಡರಿನ ಹಿಂದೆ ಬರೆದುಕೊಳ್ಳುವಾಗ ಪ್ಲಸ್ ಬಿಟ್ಟಿದ್ದಾರೆ. ಈಗ ಅದಕ್ಕೆ ಮಾಡಿದರೆ ಹೋಗುವುದೇ ಇಲ್ಲ.

ಇನ್ನೊಂದು ಗೊಂದಲ. ದುಬೈ ಚಿಕ್ಕಪ್ಪ ನಂಬರ್ ಹೇಳುವಾಗ 050 ಅಂತಾರೆ, ಊರಿಂದ ಮಾಡುವಾಗ ಸೊನ್ನೆ ಬಿಡು ಅಂತಾರೆ. ತಮ್ಮನ ನಂಬರಲ್ಲಿ ಸೊನ್ನೆಯೇ ಇಲ್ಲ. ಇದಕ್ಕೆಲ್ಲ ಏನಾದರೂ ಲೆಕ್ಕ ಇದೆಯಾ?

ಪ್ಲಸ್ ಪಾಯಿಂಟ್:
ಪ್ಲಸ್ ಹಾಕಿ, ಹೋಗುತ್ತೆ. ಅಮ್ಮನ ಸಿಮ್‌ನಲ್ಲಿ ಐಎಸ್‌ಡಿ (ಹೊರದೇಶಕ್ಕೆ ಫೋನ್ ಮಾಡುವ ಸೌಲಭ್ಯ) ಇದೆಯಾ, ನಿಮಿಷಕ್ಕೆ ಎಷ್ಟು ಅಂತ ಮೊದಲು ನೋಡಿಕೊಳ್ಳಿ.

ಹಳೇ ಬೂತಿನವ:
ತಂಗಿ, ನಾನು 1994ರಿಂದ ಹತ್ತು ವರ್ಷ ಬಸ್ ಸ್ಟ್ಯಾಂಡ್ ಹತ್ತಿರ ಎಸ್‌ಟಿಡಿ ಬೂತ್ ಇಟ್ಟಿದ್ದೆ. ಗಲ್ಫ್ ಕೋಡ್ ಈಗಲೂ ಬಾಯಿಪಾಠ. ಕುವೈತ್ 965, ಸೌದಿ 966, ಓಮನ್ 968, ಬಹ್ರೇನ್ 973, ಕತಾರ್ 974. ದುಬೈ, ಅಬುಧಾಬಿ, ಶಾರ್ಜಾ ಎಲ್ಲದಕ್ಕೂ 971. ಶುಕ್ರವಾರ ಅಲ್ಲಿ ರಜೆ, ಇಲ್ಲಿ ನನ್ನ ಬೂತಿನ ಮುಂದೆ ಹೆಂಗಸರ ಸಾಲು. ಬಾಯಿ ಗಂಡನ ಹತ್ತಿರ ಮಾತಾಡುತ್ತಿದ್ದರೂ ಕಣ್ಣು ಮಾತ್ರ ಮೀಟರಿನ ಕೆಂಪು ಅಂಕಿ ಮೇಲೆ.

ಲೆಕ್ಕ ಇದೆ. 1960ರ ದಶಕದಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದವರು ಪ್ರಪಂಚವನ್ನು ವಲಯಗಳಾಗಿ ಹಂಚಿದರು. ನಮಗೂ ಅರಬ್ಬರಿಗೂ ಸೇರಿ 9 ಬಂತು. ಟರ್ಕಿಗೆ 90, ನಮಗೆ 91, ಪಾಕಿಸ್ತಾನಕ್ಕೆ 92, ಇರಾನಿಗೆ 98. ಕೋಡ್ ಚಿಕ್ಕದಾದಷ್ಟೂ ಒಳಗಿನ ನಂಬರಿಗೆ ಜಾಗ ಜಾಸ್ತಿ, ಯಾಕಂದ್ರೆ ಒಟ್ಟು ಹದಿನೈದು ಅಂಕಿ ದಾಟುವ ಹಾಗಿಲ್ಲ. ಉಳಿದ ಹಲವು ದೇಶಗಳಿಗೆ 96, 97ನ್ನು ಬಿಡಿಸಿ ಮೂರಂಕಿ ಕೊಟ್ಟರು. ನಕ್ಷೆ ನೋಡಿ ಕೊಟ್ಟದ್ದು ಅಂತ ಅಂದ್ಕೋಬೇಡಿ. ಕತಾರಿನ ಪಕ್ಕದ 975 ಭೂತಾನಿನದು, 976 ಮಂಗೋಲಿಯಾದ್ದು! 969 ದಕ್ಷಿಣ ಯೆಮನ್‌ನದಾಗಿತ್ತು. 1990ರಲ್ಲಿ ಎರಡು ಯೆಮನ್ ಒಂದಾಗಿ 967 ಉಳಿಯಿತು.

ಈಗ ಅಮ್ಮನ ವಿಷಯ. ಪ್ಲಸ್ ಅಂದ್ರೆ ನಮ್ಮ 00. "ನಾನು ದೇಶದ ಹೊರಗೆ ಹೊರಟೆ" ಅಂತ ಎಕ್ಸ್‌ಚೇಂಜಿಗೆ ಹೇಳೋದು. ಅದಿಲ್ಲದೆ 974 ಒತ್ತಿದರೆ ಇಲ್ಲಿಯದೇ ಮೊಬೈಲ್ ಅಂದುಕೊಳ್ಳುತ್ತದೆ. ನಮ್ಮ ಮೊಬೈಲಿಗೆ ಹತ್ತೇ ಅಂಕಿ, ಅಮ್ಮ ಒತ್ತಿದ್ದು ಹನ್ನೊಂದು. ನಿಮ್ಮ ನಂಬರಿನ 974 ಹತ್ತರ ಒಳಗಿನದು, ತಮ್ಮನದು ಬಾಗಿಲಿನದು, ಅಂದ್ರೆ ಕತಾರ್ ದೇಶದ ಕೋಡ್.

ಸೊನ್ನೆ ದೇಶದ ಒಳಗಿನ ಓಡಾಟಕ್ಕೆ. ಉಡುಪಿ 0820 ಅಲ್ವಾ? ದುಬೈಯಿಂದ ಮಾಡುವವರು 91 ಆದ ಮೇಲೆ 820 ಒತ್ತುತ್ತಾರೆ. ಹಾಗೇ 050 ಹೊರಗಿನವರಿಗೆ 971 50. ಸೌದಿಯಲ್ಲೂ 05 ಹೀಗೇ. ಕತಾರ್, ಕುವೈತ್, ಬಹ್ರೇನ್, ಓಮನ್‌ನಲ್ಲಿ ಒತ್ತುವ ಸೊನ್ನೆಯೇ ಇಲ್ಲ, ಸೀದಾ ಎಂಟಂಕಿ.

ನನ್ನ ಬೂತಲ್ಲಿ ದಿನಕ್ಕೊಬ್ಬರಾದರೂ 00971 050 ಒತ್ತುತ್ತಿದ್ದರು. ಒಳಗಿಂದ ಅರೇಬಿಕ್‌ನಲ್ಲಿ ಹೆಣ್ಣು ದನಿ. ಒಬ್ಬರು ಅಜ್ಜಿ ರಿಸೀವರ್ ನನ್ನ ಕೈಗೆ ಕೊಟ್ಟು, "ಮಗ ಅಲ್ಲಿ ಮದುವೆ ಮಾಡಿಕೊಂಡಿದ್ದಾನಾ ಕೇಳಿ" ಅಂದಿದ್ದರು.

ದೋಹಾ ಬಿಸಿಲು:
ಮನೆಯಲ್ಲಿ ಕತಾರಿನ ಹಳೇ ಏಳಂಕಿ ನಂಬರ್ ಇದ್ದರೆ ಎಸೆಯಬೇಡಿ. 2010ರ ಜುಲೈನಲ್ಲಿ ಇಲ್ಲಿ ಎಂಟಂಕಿ ಮಾಡಿದರು. ಮೊದಲ ಅಂಕಿಯನ್ನೇ ಎರಡು ಸಲ ಒತ್ತಿದರಾಯ್ತು: 5 ಇದ್ದರೆ 55, 4 ಇದ್ದರೆ 44. ನಮ್ಮಪ್ಪನ ಡೈರಿಯಲ್ಲಿದ್ದ ಅವರ ಗೆಳೆಯರೊಬ್ಬರು ನನಗೆ ಸಿಕ್ಕಿದ್ದು ಹೀಗೇ.

ಕೋಟದವಳು:
ಹೋಯ್ತು! ಸೊನ್ನೆ ಒತ್ತಿ ಹಿಡಿದರೆ ಪ್ಲಸ್ ಬರುತ್ತೆ ಅಂತ ಅಮ್ಮನಿಗೆ ತೋರಿಸಿಕೊಟ್ಟೆ. ಇವತ್ತು ಬೆಳಿಗ್ಗೆ ಆರಕ್ಕೆ ಅವರೇ ಮಾಡಿದ್ದಾರೆ. ತಮ್ಮ ನನಗೆ ಬೈಯ್ತಿದ್ದಾನೆ. ಅಲ್ಲಿ ಆಗ ರಾತ್ರಿ ಮೂರೂವರೆಯಂತೆ.